ಮಂಜಿನ ಕಾಲದ ಗಾಡಿ, ನಾಲ್ಕು ಕಾಲಿನ ಸವಾರ

ದೀಪಾವಳಿಯ ಪಟಾಕಿಯ ಹೊಗೆ ಕರಗುವ ಮುನ್ನವೇ ದೆಹಲಿಯ ಮೇಲೆ ಮಂಜು ಇಳಿಯುತ್ತದೆ. ಇದರಲ್ಲಿ ಹೊಗೆ ಯಾವುದು, ಮಂಜು ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲ ಜಾಣರು ಯಾರಾದರೂ ಇದ್ದರೆ ಅವರಿಗೆ ನಮ್ಮ ನಮಸ್ಕಾರ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕನ್ನಡದ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಒಂದು, ಮಕ್ಕಳ ಚಳಿಗಾಲದ ರಜೆಗೆ ಎಲ್ಲಿಗೆ ಹೋಗೋಣ ಎಂಬುದು. ಇನ್ನೊಂದು, ಈ ವರ್ಷವಾದರೂ ಗಾಡಿ ತೆಗೆದುಕೊಳ್ಳೋಣವೆ ಎಂಬುದು. ಈಚಿನ ವರ್ಷಗಳಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ: “ಹೋಗುವುದೇನೋ ಸರಿ, ನಾಯಿಯನ್ನು ಏನು ಮಾಡುವುದು?”

ಊರಿನಲ್ಲಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ನಾಯಿ ಅಂಗಳದಲ್ಲಿರುತ್ತಿತ್ತು. ಮನೆಯವರು ಮದುವೆಗೆ ಹೋದರೆ ಪಕ್ಕದ ಮನೆಯವರು ಒಂದು ಮುದ್ದೆ ಹಾಕುತ್ತಿದ್ದರು, ಅದು ತಿಂದು ಮಲಗುತ್ತಿತ್ತು. ಇಲ್ಲಿ ದ್ವಾರಕೆಯ ನಾಲ್ಕನೇ ಮಹಡಿಯಲ್ಲೋ ನೋಯಿಡಾದ ಹದಿನಾಲ್ಕನೇ ಮಹಡಿಯಲ್ಲೋ ಇರುವ ನಮಗೆ ಅಂಗಳವಿಲ್ಲ. ಪಕ್ಕದ ಮನೆಯವರ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ಗೊತ್ತು. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮಂದಿರು ಎರಡು ಸಾವಿರ ಕಿಲೋಮೀಟರಿನಾಚೆ. ಅವರೆಲ್ಲರ ಜಾಗದಲ್ಲಿ ಮಕ್ಕಳಿಗೆ ಒಂದು ನಾಯಿ ಬಂದು ಕೂತಿದೆ. ಹಾಗೆ ಬಂದವನನ್ನು ಮನೆಯಲ್ಲಿ ಬಿಟ್ಟು ಬೀಗ ಹಾಕುವುದು ಹೇಗೆ? ಕೆಲವು ವಾಚಕ ಸೋದರಿಯರು ಸಂಘದ ಸಭೆಯಲ್ಲಿ ಸಿಕ್ಕಾಗ ಇದನ್ನೇ ಕೇಳಿದರು. “ಚಳಿಗಾಲದಲ್ಲಿ ನಾಯಿಯ ಸಮೇತ ತಿರುಗಾಡಲು ಎಂಥ ಗಾಡಿ ತಗೊಳ್ಳಬೇಕು, ಸ್ವಲ್ಪ ಬರೆಯಿರಿ” ಎಂದರು. ಕಚೇರಿಯ ಕಡತದಲ್ಲಿ ಟಿಪ್ಪಣಿ ಬರೆಯುವುದೇ ನಮ್ಮ ವೃತ್ತಿಯಾದ್ದರಿಂದ ಇದನ್ನೂ ಅದೇ ಕ್ರಮದಲ್ಲಿ ಬರೆಯುತ್ತೇವೆ.

ಮೊದಲು ಒಂದು ಸಂದೇಹ ನಿವಾರಣೆ. ನಾಯಿಗಾಗಿ ಸ್ವಂತ ಗಾಡಿಯೇ ಬೇಕೆ? ದೆಹಲಿ ಮೆಟ್ರೋದಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ರೈಲಿನಲ್ಲಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ನಾವೇ ಹಿಡಿದರೆ ಮಾತ್ರ ನಾಯಿ ಜೊತೆಯಲ್ಲಿ ಬರಬಹುದು. ಇಲ್ಲದಿದ್ದರೆ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಯೇ ಗತಿ. ಬೆಂಗಳೂರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸು ದಾರಿಯಲ್ಲೇ ಎರಡು ರಾತ್ರಿ ಕಳೆಯುತ್ತದೆ. ಜನವರಿಯ ಮಂಜಿನಲ್ಲಿ ಅದರ ಮೇಲೆ ಇನ್ನೆಷ್ಟು ಗಂಟೆ ತಡವೋ ದೇವರೇ ಬಲ್ಲ. ಅಷ್ಟು ಹೊತ್ತು ಕಬ್ಬಿಣದ ಪೆಟ್ಟಿಗೆಯಲ್ಲಿ ನಾಯಿಯನ್ನು ಕೂಡಿಹಾಕಲು ಮನಸ್ಸು ಒಪ್ಪುವುದಿಲ್ಲ. ಬಾಡಿಗೆ ಕಾರಿನವರಲ್ಲಿ ಒಪ್ಪುವವರೂ ಉಂಟು, ನಾಯಿಯನ್ನು ಕಂಡೊಡನೆ ಗಾಡಿ ತಿರುಗಿಸಿಕೊಂಡು ಹೋಗುವವರೂ ಉಂಟು. ಆದ್ದರಿಂದ ಸ್ವಂತ ಗಾಡಿಯ ಆಸೆ ಹುಟ್ಟಿದರೆ ಅದು ಶೋಕಿಯಲ್ಲ.

ಆದರೆ ಆಸೆ ಹುಟ್ಟಿದೊಡನೆ ನಮ್ಮ ಜನ ಏನು ಮಾಡುತ್ತಾರೆ? ನೆರೆಯವರ ಗಾಡಿಯನ್ನು ನೋಡುತ್ತಾರೆ. ಗುರುಗ್ರಾಮದ ಅಪಾರ್ಟ್‌ಮೆಂಟಿನ ಕೆಳಗೆ ಆನೆಯಂಥ ಎಸ್‌ಯುವಿಗಳು ಸಾಲಾಗಿ ನಿಂತಿರುತ್ತವೆ. “ನಾಯಿ ಇದೆ, ಗುಡ್ಡಕ್ಕೆ ಹೋಗಬೇಕು, ಚಳಿ ಬೇರೆ; ದೊಡ್ಡದೇ ಬೇಕಲ್ಲವೆ?” ಎಂದು ಸಾಲದ ಅರ್ಜಿಗೆ ಸಹಿ ಬೀಳುತ್ತದೆ. ಸರ್ಕಾರಿ ನೌಕರರಿಗೆ ಹಿಂದೆ ಸಿಗುತ್ತಿದ್ದ ಮೋಟಾರು ಕಾರಿನ ಮುಂಗಡವಂತೂ ಏಳನೇ ವೇತನ ಆಯೋಗದ ಶಿಫಾರಸಿನ ಮೇಲೆ 2016ರಲ್ಲಿ ನಿಂತುಹೋಯಿತು. ಈಗ ಬ್ಯಾಂಕಿನ ಬಡ್ಡಿಯೇ ಗತಿ. ಏಳು ವರ್ಷ ಕಂತು ಕಟ್ಟುವ ವಸ್ತುವನ್ನು ನೆರೆಯವರ ಕಣ್ಣಿನಿಂದ ಆರಿಸುವುದು ಸಲ್ಲದು.

ಹಾಗಾದರೆ ಯಾರ ಕಣ್ಣಿನಿಂದ ಆರಿಸಬೇಕು? ಇದಕ್ಕೆ ನಮ್ಮ ಪುರಾಣದಲ್ಲೇ ಉತ್ತರವಿದೆ. ಮಹಾಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯ ಹಿಮಾಲಯ ಏರುತ್ತಾನೆ. ಹೆಂಡತಿಯೂ ತಮ್ಮಂದಿರೂ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದುಹೋಗುತ್ತಾರೆ. ಕಡೆಯವರೆಗೆ ಹಿಂದೆ ಬಂದದ್ದು ಒಂದು ನಾಯಿ. ಇಂದ್ರನು ರಥ ತಂದು “ಹತ್ತು” ಎನ್ನುತ್ತಾನೆ. ಅದಕ್ಕಿಂತ ಉತ್ತಮವಾದ ವಾಹನ ಮೂರು ಲೋಕದಲ್ಲಿ ಇದ್ದಿರಲಾರದು. ಆದರೂ ಧರ್ಮರಾಯ ಅದರ ಕುದುರೆ ಎಷ್ಟು, ಚಕ್ರ ಎಂಥದು ಎಂದು ಕೇಳಲಿಲ್ಲ. ನಂಬಿ ಬಂದ ಈ ನಾಯಿಗೆ ಅದರಲ್ಲಿ ಜಾಗ ಉಂಟೋ ಇಲ್ಲವೋ ಎಂಬುದೊಂದನ್ನೇ ಹಿಡಿದು ನಿಂತ. ಇಲ್ಲವೆಂದಾಗ ತಾನೂ ಹತ್ತಲಾರೆನೆಂದ. ಕುಮಾರವ್ಯಾಸ ಹತ್ತು ಪರ್ವಕ್ಕೆ ಕಾವ್ಯ ನಿಲ್ಲಿಸಿದ್ದರಿಂದ ಈ ಭಾಗ ಅವನಲ್ಲಿ ಸಿಕ್ಕದು. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದ. ನಾವು ಇದರಿಂದ ಕಲಿಯಬೇಕಾದದ್ದು ಇಷ್ಟೆ: ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದ ಸವಾರರು ಯಾರೋ ಅವರನ್ನು ಮನಸ್ಸಿನಲ್ಲಿಟ್ಟು ಗಾಡಿ ಆರಿಸಬೇಕು. ಮಂಡಿನೋವಿನ ಅತ್ತೆಯವರು, ಕೈಕೂಸು, ಮತ್ತು ಬಾಯಿ ಬಿಟ್ಟು ಹೇಳಲಾರದ ನಾಯಿ. ಈ ಮೂವರಿಗೆ ಒಪ್ಪಿದ ಗಾಡಿ ಯಜಮಾನರಿಗೂ ಒಪ್ಪುತ್ತದೆ.

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು, ಕಾನೂನು. ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕುತ್ತದೆಂದು ಕೊಳ್ಳಲು ಹೊರಟವರು ಇದನ್ನು ಚೆನ್ನಾಗಿ ಓದಿಕೊಳ್ಳಬೇಕು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿಯ ಆಜ್ಞೆ ಉಂಟು. ಅದನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಮಾಲೀಕರಿಗೆ ಕೊಂಚ ರಕ್ಷಣೆ ಕೊಟ್ಟಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕೆ ಮೇಲಿನ ದರ್ಜೆಯವಕ್ಕೆ ಮಾತ್ರ ಉಳಿಸಿತು. ಇದು ಸಾಲದೆಂಬಂತೆ, ಗಾಳಿ ಕೆಟ್ಟು ಮೂರನೇ ಹಂತದ ನಿರ್ಬಂಧ ಬಂದ ದಿನ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮ ಬುದ್ಧ ನಗರಗಳಲ್ಲಿ ಬಿಎಸ್-3 ಪೆಟ್ರೋಲಿನ ಮತ್ತು ಬಿಎಸ್-4 ಡೀಸೆಲಿನ ಕಾರುಗಳು ರಸ್ತೆಗಿಳಿಯುವಂತಿಲ್ಲ. ಆ ನಿರ್ಬಂಧ ಬರುವುದು ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ. ಅಂದರೆ ಪ್ರವಾಸಕ್ಕೆಂದು ಕೊಂಡ ಗಾಡಿ ಪ್ರವಾಸದ ದಿನವೇ ಮನೆಯ ಕೆಳಗೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ದೇಶದಲ್ಲೆಲ್ಲ 2020ರ ಏಪ್ರಿಲ್ 1ರಿಂದ ಬಿಎಸ್-6 ದರ್ಜೆ ಕಡ್ಡಾಯವಾಯಿತು. ಎರಡನೇ ಕೈಯ ಗಾಡಿ ಕೊಳ್ಳುವವರು ಆ ದಿನದ ಈಚೆಗೆ ನೋಂದಣಿಯಾದದ್ದನ್ನೇ ನೋಡುವುದು ಕ್ಷೇಮ.

ಎರಡನೆಯದು, ಮಂಜು. ಲೋದಿ ರಸ್ತೆಯ ಮೌಸಮ್ ಭವನದವರ ಲೆಕ್ಕದಲ್ಲಿ 200 ಮೀಟರಿನಿಂದೀಚೆಗೆ ಮಾತ್ರ ಕಂಡರೆ ದಟ್ಟ ಮಂಜು; 50 ಮೀಟರಿಗೂ ಕಡಮೆಯಾದರೆ ಅತಿ ದಟ್ಟ ಮಂಜು. ಈ 50 ಮೀಟರ್ ಎಂಬುದನ್ನು ಮನೆಯ ಲೆಕ್ಕದಲ್ಲಿ ನೋಡೋಣ. ಗಂಟೆಗೆ 75 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 21 ಮೀಟರ್ ಓಡುತ್ತದೆ. ಕಣ್ಣು ಕಂಡದ್ದನ್ನು ಬುದ್ಧಿ ತಿಳಿದು ಕಾಲು ಬ್ರೇಕು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು. 31 ಮೀಟರ್ ಹೋಯಿತು. ಆಮೇಲೆ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೊಂದು 30 ಮೀಟರ್. ಒಟ್ಟು 60 ದಾಟಿತು, ಕಂಡದ್ದು 50. ಅದೇ 50 ಕಿಲೋಮೀಟರ್ ವೇಗದಲ್ಲಾದರೆ 35 ಮೀಟರಿನಲ್ಲಿ ನಿಲ್ಲುತ್ತದೆ. ನೋಯಿಡಾದ ಕಡೆಯಿಂದ ಆಗ್ರಾಕ್ಕೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಈಚಿನ ವರ್ಷಗಳಲ್ಲಿ ಚಳಿಗಾಲಕ್ಕೆಂದು ಕಾರುಗಳ ವೇಗದ ಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. ಆ 75 ಕೂಡ ಅತಿ ದಟ್ಟ ಮಂಜಿಗೆ ಹೆಚ್ಚೇ ಎಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. 2025ರ ಡಿಸೆಂಬರ್ 16ರ ಬೆಳಗಿನ ಜಾವ ಅದೇ ರಸ್ತೆಯಲ್ಲಿ ಮಥುರೆಯ ಬಳಿ ಬಸ್ಸುಗಳೂ ಕಾರುಗಳೂ ಒಂದರ ಬೆನ್ನಿಗೊಂದು ಗುದ್ದಿ ಬೆಂಕಿ ಹತ್ತಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಯಾರ ಗಾಡಿ ಎಷ್ಟು ದೊಡ್ಡದೆಂದು ಮಂಜು ಕೇಳಲಿಲ್ಲ.

ಹೀಗಿರುವಾಗ ಗಾಡಿಯಲ್ಲಿ ನೋಡಬೇಕಾದದ್ದೇನು? ಮುಂದೆ ತಗ್ಗಿನಲ್ಲಿ ಕೂಡಿಸಿದ ಮಂಜಿನ ದೀಪ ಉಂಟೆ ನೋಡಿ. ಎತ್ತರದ ಬೆಳಕು ಹಾಕಿದರೆ ಮಂಜಿನ ಹನಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಬಿಳಿಯ ಗೋಡೆಯೊಂದು ಎದುರಿಗೆ ನಿಂತಂತಾಗುತ್ತದೆ. ಅದಕ್ಕಿಂತ ಮುಖ್ಯ, ಹಿಂದಿನವರಿಗೆ ನಾವು ಕಾಣಿಸುವ ಕೆಂಪು ಮಂಜುದೀಪ. ಅದು ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ, ಕೇಳಿ ತಿಳಿಯಿರಿ. ಮೂರನೆಯದಾಗಿ ಹಿಂಗಾಜನ್ನು ಕಾಯಿಸುವ ಸಣ್ಣ ತಂತಿಗಳು ಮತ್ತು ಹಿಂಗಾಜಿನ ವೈಪರು. ಅಂಗಡಿಯವರು ಇವನ್ನು ಹೆಚ್ಚು ಬೆಲೆಯ ಮಾದರಿಗಳಿಗೆಂದು ಮೀಸಲಿಟ್ಟಿರುತ್ತಾರೆ. ನಾವು ಬೇಡವೆಂದು ಬಿಟ್ಟುಬಿಡುತ್ತೇವೆ. ನಾಯಿ ಸಾಕಿದವರು ಬಿಡಕೂಡದು. ಏತಕ್ಕೆಂದರೆ ನಾಯಿ ಬಾಯಿ ತೆರೆದು ತೇಕುವ ಪ್ರಾಣಿ. ಹೊರಗೆ ಚಳಿ, ಒಳಗೆ ನಾಲ್ಕು ಮಂದಿಯ ಉಸಿರು, ಅದರ ಮೇಲೆ ನಾಯಿಯ ತೇಕು; ಹತ್ತು ನಿಮಿಷದಲ್ಲಿ ಗಾಜೆಲ್ಲ ಹಬೆ. ಹೊರಗಿನ ಮಂಜಿಗೆ ಸರ್ಕಾರ ಹೊಣೆಯೋ ದೇವರು ಹೊಣೆಯೋ, ಒಳಗಿನ ಮಂಜಿಗೆ ನಾವೇ ಹೊಣೆ. ಚಳಿಯಲ್ಲಿ ಏಸಿ ಹಾಕುವುದೆಂದರೆ ಮನೆಯವರು ನಗುತ್ತಾರೆ. ಆದರೆ ಏಸಿ ಗಾಳಿಯ ತೇವವನ್ನು ಹೀರುತ್ತದೆ. ಏಸಿಯನ್ನೂ ಬಿಸಿಯನ್ನೂ ಒಟ್ಟಿಗೆ ಹಾಕಿ ಗಾಳಿಯನ್ನು ಮುಂಗಾಜಿನ ಕಡೆಗೆ ತಿರುಗಿಸಿದರೆ ಹಬೆ ಬೇಗ ಬಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಹೊಗೆಯ ಹೆದರಿಕೆಯಿಂದ ಬಹಳ ಹೊತ್ತು ಒತ್ತಿಟ್ಟರೆ ಹಬೆ ಮತ್ತೆ ಕೂಡುತ್ತದೆ.

ಮೂರನೆಯದು, ನಾಯಿ ಕೂರುವ ಜಾಗ. ಇದರಲ್ಲೇ ಹೆಚ್ಚಿನ ಮನೆಗಳು ಎಡವುವುದು. ಹಿಂಬದಿಯ ಸಾಮಾನಿನ ಗೂಡನ್ನು ನಮ್ಮ ಕಡೆ ಡಿಕ್ಕಿ ಎನ್ನುತ್ತಾರೆ. “ನಾಯಿ ಡಿಕ್ಕಿಯಲ್ಲಿ ಕೂರಲಿ” ಎಂಬುದು ಸುಲಭದ ಮಾತು. ಸೆಡಾನ್ ಗಾಡಿಯ ಮುಚ್ಚಿದ ಡಿಕ್ಕಿಯಲ್ಲಿ ನಾಯಿಯನ್ನು ಐದು ನಿಮಿಷ ಕೂಡ ಇಡಬಾರದು, ಅದನ್ನು ವಿವರಿಸಬೇಕಾಗಿಲ್ಲ. ಹಿಂದೆ ತೆರೆದ ಜಾಗವಿರುವ ಗಾಡಿಗಳಲ್ಲಿಯೂ ಮಂಜಿನ ದಿನ ಅದು ಕೆಟ್ಟ ಜಾಗವೇ. ಮಂಜಿನ ಅಪಘಾತ ಎಂದರೆ ಬಹುಪಾಲು ಹಿಂದಿನಿಂದ ಗುದ್ದುವುದು. ಮೊದಲು ನುಜ್ಜಾಗುವುದು ಹಿಂಬಾಗಿಲು. ಡಿಕ್ಕಿಯಲ್ಲಿ ಕೂತವರಿಗೇ ಡಿಕ್ಕಿಯ ಪೆಟ್ಟು ಮೊದಲು! ಮೂರು ಸಾಲಿನ ಗಾಡಿಯ ಕಡೆಯ ಸಾಲಿನಲ್ಲಿ ಮಕ್ಕಳನ್ನು ಕೂರಿಸುವವರೂ ಈ ಮಾತನ್ನು ಗಮನಿಸಬೇಕು.

ದೆಹಲಿಯ ಸುತ್ತ ಸಿಎನ್‌ಜಿ ಗಾಡಿಯವರಿಗೆ ಇನ್ನೊಂದು ಕಷ್ಟ. ಸಿಲಿಂಡರು ಡಿಕ್ಕಿಯನ್ನೆಲ್ಲ ನುಂಗಿರುತ್ತದೆ. ಸಾಮಾನು ಹಿಂದಿನ ಸೀಟಿಗೆ ಬರುತ್ತದೆ. ನಾಯಿ ಸಾಮಾನಿನ ಮೇಲೆ, ಅತ್ತೆಯವರು ನಾಯಿಯ ಪಕ್ಕದಲ್ಲಿ. 2023ರಲ್ಲಿ ಟಾಟಾದವರು ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ನೆಲದ ಕೆಳಗೆ ಕೂಡಿಸಿದ ಆಲ್ಟ್ರೋಜ್ ಗಾಡಿ ತಂದರು. ಸಿಎನ್‌ಜಿಯೇ ಬೇಕೆನ್ನುವವರು ಅಂಥ ಏರ್ಪಾಡು ಇರುವುದನ್ನು ನೋಡಬಹುದು. ಖರ್ಚು ಉಳಿಯುತ್ತದೆ, ಸಾಮಾನು ಡಿಕ್ಕಿಗೆ ಹೋಗುತ್ತದೆ, ಹಿಂದಿನ ಸೀಟು ನಾಯಿಗೂ ಜನಕ್ಕೂ ಉಳಿಯುತ್ತದೆ.

ನಾಯಿಗೆ ಉತ್ತಮ ಸ್ಥಾನ ಹಿಂದಿನ ಸೀಟು. ಎದೆಗೆ ಅಗಲವಾದ ಪಟ್ಟಿ ತೊಡಿಸಿ, ಅದನ್ನು ಸೀಟುಬೆಲ್ಟಿಗೆ ಸಿಕ್ಕಿಸಬೇಕು. ಕೊರಳಪಟ್ಟಿಗೆ ಸಿಕ್ಕಿಸಿದರೆ ಬ್ರೇಕು ಹಾಕಿದಾಗ ಕುತ್ತಿಗೆಗೆ ಉರುಳು. ಚಿಕ್ಕ ನಾಯಿಯಾದರೆ ಮುಂದಿನ ಸೀಟಿನ ಹಿಂದೆ ಕಾಲಿಡುವ ತಗ್ಗಿನಲ್ಲಿ ಗೋಣಿ ಹಾಸಿ ಮಲಗಿಸಬಹುದು. ಮುಂದಿನ ಸೀಟು ಬೇಡವೇ ಬೇಡ. ಅಲ್ಲಿಯ ಏರ್‌ಬ್ಯಾಗು ಮನುಷ್ಯನ ಎದೆಯ ಅಳತೆಗೆ ಸಿಡಿಯುವಂಥದು. ಮಡಿಲಿನಲ್ಲಿ ಕೂರಿಸಿಕೊಂಡು ಗಾಡಿ ಓಡಿಸುವವರನ್ನು ಕಂಡಿದ್ದೇವೆ, ಅವರಿಗೆ ಹೇಳುವ ಮಾತೇ ಇಲ್ಲ. “ಅಷ್ಟು ಭದ್ರ ಮಾಡಬೇಕೆ, ಪಾಪ, ಕಿಟಕಿಯಲ್ಲಿ ಮುಖ ಹಾಕಿಕೊಂಡು ಬರಲಿ” ಎನ್ನುವ ಮೃದು ಮನಸ್ಸಿನವರಿಗೆ ಒಂದೇ ಲೆಕ್ಕ ಕೊಡುತ್ತೇವೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ತಟ್ಟನೆ ನಿಂತರೆ, ಕಟ್ಟದ ನಾಯಿಗೆ ಆಗುವುದು ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರನೇ ಮಹಡಿಯಿಂದ ಬಿದ್ದಷ್ಟು ಪೆಟ್ಟು. ಅದು ಯಾರ ಮೇಲೆ ಬೀಳುತ್ತದೋ ಅವರಿಗೂ ಅಷ್ಟೇ. ಹಿಂದಿನ ಸೀಟಿನ ಮನುಷ್ಯರಿಗೂ ಬೆಲ್ಟು ಕಡ್ಡಾಯವೆಂದು ನಿಯಮವಿದೆ. ನಾಯಿಗೆ ಕಟ್ಟಿ ತಾವು ಕಟ್ಟದೆ ಕೂರುವ ಮನೆಗಳೂ ಉಂಟು!

ನಾಲ್ಕನೆಯದು, ಎತ್ತರ. ದೊಡ್ಡ ಗಾಡಿ ಎತ್ತರವಾಗಿರುತ್ತದೆ, ಹೊಂಡ ದಾಟುತ್ತದೆ, ನಿಜ. ಆದರೆ ಹತ್ತು ವರ್ಷದ ನಾಯಿಗೂ ಎಪ್ಪತ್ತು ವರ್ಷದ ಅತ್ತೆಯವರಿಗೂ ಆ ಎತ್ತರವೇ ಶತ್ರು. ಮುದಿ ನಾಯಿ ಹಾರಿ ಹತ್ತುವಾಗ ಹಿಂಗಾಲಿನ ಕೀಲು, ಹಾರಿ ಇಳಿಯುವಾಗ ಮುಂಗಾಲಿನ ಕೀಲು ನೋಯುತ್ತದೆ. ಗಾಡಿ ನೋಡಲು ಹೋದಾಗ ನಾಯಿಯನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಏನೆಂದುಕೊಂಡರೂ ಚಿಂತೆಯಿಲ್ಲ. ತಾನೇ ಹತ್ತಿ ತಾನೇ ಇಳಿಯಿತೆ? ಹಿಂದಿನ ಬಾಗಿಲು ಅಗಲವಾಗಿ ತೆರೆಯಿತೆ? ಅದು ಸುತ್ತು ತಿರುಗಿ ಮಲಗುವಷ್ಟು ಜಾಗವಿತ್ತೆ? ತಲೆಯ ಮೇಲೆ ಎತ್ತರ, ನೆಲ ತಗ್ಗು ಇರುವ ವ್ಯಾಗನ್‌ಆರ್‌ನಂಥ ಚಿಕ್ಕ ಗಾಡಿ ಈ ಪರೀಕ್ಷೆಯಲ್ಲಿ ಎಷ್ಟೋ ದೊಡ್ಡ ಗಾಡಿಗಳನ್ನು ಸೋಲಿಸೀತು. ಎತ್ತರದ ಗಾಡಿಯೇ ಮನೆಯಲ್ಲಿದ್ದರೆ ಬಡಗಿಯಿಂದ ಒಂದು ಹಲಗೆ ಮಾಡಿಸಿ ಅದಕ್ಕೆ ಗೋಣಿತಟ್ಟು ಹೊಡೆಸಿ, ಜಾರದಂತೆ ಹತ್ತುತ್ತದೆ.

ಐದನೆಯದು, ಹಿಮ. ನಮ್ಮ ಮಕ್ಕಳಿಗೆ ಹಿಮದ ಹುಚ್ಚು. ಅದರಲ್ಲಿಯೂ 2022ರಲ್ಲಿ “777 ಚಾರ್ಲಿ” ಚಿತ್ರ ಬಂದ ಮೇಲೆ ನಾಯಿಗೆ ಹಿಮ ತೋರಿಸದಿದ್ದರೆ ಅನ್ಯಾಯ ಮಾಡಿದಂತೆ ಎಂಬ ಭಾವನೆ ಬೆಳೆದಿದೆ. ಅದರಲ್ಲಿ ನಾಯಕ ಮೋಟಾರ್ ಸೈಕಲ್ಲಿನ ಪಕ್ಕಗಾಡಿಯಲ್ಲಿ ತನ್ನ ನಾಯಿಯನ್ನು ಕೂರಿಸಿಕೊಂಡು ಹಿಮದ ನಾಡಿಗೆ ಹೋಗುತ್ತಾನೆ. ಅವನ ಹೆಸರೂ ಧರ್ಮ. ಚಿತ್ರ ಕಂಡು ಕಣ್ಣು ಒರೆಸಿಕೊಂಡವರಲ್ಲಿ ನಾವೂ ಸೇರಿದ್ದೇವೆ. ಆದರೆ ಸಂಸಾರಸ್ಥರು ಡಿಸೆಂಬರಿನಲ್ಲಿ ಶಿಮ್ಲೆ, ಕುಫ್ರಿ, ಮನಾಲಿಗೆ ಗಾಡಿ ಓಡಿಸಬೇಕಾದರೆ ಬೇರೆ ವಿಚಾರ ಮಾಡಬೇಕು. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಲಾಹೋಲ್ ಕಣಿವೆಯ ಹಿಮ ಮನಾಲಿಯವರೆಗೆ ಬಂದವರಿಗೆಲ್ಲ ಕೈಗೆಟುಕುವಂತಾಗಿದೆ. ಕೈಗೆಟುಕಿದ್ದೆಲ್ಲ ಕಾಲಿಗೆ ಒಗ್ಗುವುದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಗಾಡಿಯೆಂದು ಎಷ್ಟೋ ಮಂದಿ ಧೈರ್ಯ ತಾಳುತ್ತಾರೆ. ಆ ಶಕ್ತಿ ಗಾಡಿಯನ್ನು ಮುಂದಕ್ಕೆ ದೂಡಲು ಸಹಾಯ, ನಿಲ್ಲಿಸಲು ಅಲ್ಲ. ನಿಲ್ಲಿಸುವುದು ಟೈರಿನ ಹಿಡಿತ. ನೆರಳಿನ ತಿರುವಿನಲ್ಲಿ ಕಣ್ಣಿಗೆ ಕಾಣದೆ ಗಟ್ಟಿಯಾದ ಮಂಜುಗಡ್ಡೆಯ ಮೇಲೆ ನಮ್ಮ ಬಯಲುಸೀಮೆಯ ಟೈರು ಹಿಡಿಯುವುದಿಲ್ಲ. ವರ್ಷಕ್ಕೆರಡು ದಿನದ ಹಿಮಕ್ಕಾಗಿ ಹತ್ತು ಲಕ್ಷ ಹೆಚ್ಚು ಕೊಡುವುದಕ್ಕಿಂತ, ಹಿಮದ ಕೆಳಗಿನ ಊರಿನಲ್ಲಿ ನಮ್ಮ ಗಾಡಿ ನಿಲ್ಲಿಸಿ, ಚಕ್ರಕ್ಕೆ ಸರಪಣಿ ಕಟ್ಟಲು ಬಲ್ಲ ಸ್ಥಳೀಯ ಚಾಲಕನ ಜೀಪಿನಲ್ಲಿ ನಾಯಿಯ ಸಮೇತ ಹೋಗಿಬರುವುದು ಜಾಣತನ. ಬಾಡಿಗೆ ಒಂದಷ್ಟು ಹೆಚ್ಚು ಕೇಳಿದರೂ ಕೊಡಿ.

ಬಯಲಿನಲ್ಲಿಯೂ ಟೈರನ್ನು ಮರೆಯಬೇಡಿ. ಚಳಿಗೆ ಗಾಳಿ ಕುಗ್ಗುತ್ತದೆ. ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಒಂದು ಪೌಂಡಿನಷ್ಟು ಇಳಿಯುತ್ತದೆ. ಹಳೆಯ ಬ್ಯಾಟರಿ ಜನವರಿಯ ಬೆಳಗ್ಗೆ ಕೈಕೊಡುತ್ತದೆ. ತೀರ ಎತ್ತರದ ಚಳಿಯಲ್ಲಿ ಸಾಮಾನ್ಯ ಡೀಸೆಲು ಮೇಣದಂತೆ ಕಟ್ಟುವುದರಿಂದ ಇಂಡಿಯನ್ ಆಯಿಲ್‌ನವರು 2019ರಲ್ಲಿ ಲಡಾಖಿಗಾಗಿ ಸೊನ್ನೆಗೆ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ತಂದರು. ದೆಹಲಿಯ ಚಳಿ ಅಷ್ಟಿಲ್ಲ. ಆದರೆ ದೆಹಲಿಯಲ್ಲಿ ತುಂಬಿಸಿದ ಟ್ಯಾಂಕಿನೊಡನೆ ಅಲ್ಲಿಗೆ ಹೋಗುವವರು ಇದನ್ನು ನೆನಪಿಡಬೇಕು.

ಆರನೆಯದು, ಬಿಸಿ. ಎಲ್ಲ ನಾಯಿಗೂ ಒಂದೇ ಚಳಿಯಲ್ಲ. ಲ್ಯಾಬ್ರಡಾರಿಗೆ ಎರಡು ಪದರದ ರೋಮವಿದೆ. ನಮ್ಮ ಮುಧೋಳದ ನಾಯಿಗೆ ಗಿಡ್ಡ ಕೂದಲು, ತೆಳು ಚರ್ಮ, ಮೈಯಲ್ಲಿ ಕೊಬ್ಬೆಂಬುದೇ ಇಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯ ತರಬೇತಿಗೆಂದು ಇಲ್ಲೇ ಹತ್ತಿರದ ಮೀರತ್ತಿಗೆ ಬಂದ ಆ ಜಾತಿಯ ಮೇಲೆ ನಮಗೆ ಅಭಿಮಾನ ಸಹಜ. ಊರಿನಿಂದ ಅದನ್ನು ತಂದು ಸಾಕಿರುವವರು ಅಭಿಮಾನದ ಜೊತೆಗೆ ಒಂದು ಉಣ್ಣೆಯ ಕವಚವನ್ನೂ ಹಾಕಬೇಕು. ಬೀದಿಯಿಂದ ತಂದ ನಾಯಿಗೂ ಅಷ್ಟೆ. ಮನೆಯೊಳಗೆ ಮಲಗಿ ಅಭ್ಯಾಸವಾದ ಮೇಲೆ ಅದರ ಮೈಯ ಹಳೆಯ ಗಟ್ಟಿತನ ಉಳಿಯುವುದಿಲ್ಲ.

ಗಾಡಿಯೊಳಗಿನ ಬಿಸಿಯ ವಿಷಯದಲ್ಲಿ ಒಂದು ಎಚ್ಚರಿಕೆ ಜೀವದ್ದು. ಢಾಬಾದಲ್ಲಿ ನಾವು ಪರಾಠ ತಿನ್ನುವಷ್ಟು ಹೊತ್ತು ನಾಯಿಗೆ ಚಳಿಯಾಗದಿರಲೆಂದು ಎಂಜಿನ್ ಓಡುತ್ತಿರುವಂತೆಯೇ ಗಾಜು ಮುಚ್ಚಿ ಹೋಗುವವರುಂಟು. ಹೊಗೆಕೊಳವೆಯಲ್ಲಿ ಸೋರಿಕೆಯಿದ್ದರೆ, ಅಥವಾ ಗ್ಯಾರೇಜಿನಂಥ ಮುಚ್ಚಿದ ಜಾಗದಲ್ಲಿ ಗಾಡಿ ನಿಂತಿದ್ದರೆ, ಕಾರ್ಬನ್ ಮಾನಾಕ್ಸೈಡು ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಯಿ ನಿದ್ದೆ ಮಾಡಿದಂತೆ ಕಂಡೀತು, ಏಳುವುದಿಲ್ಲ. ಈ ಒಂದು ವಿಷಯದಲ್ಲಿ ವಿದ್ಯುತ್ ಗಾಡಿ ಮೇಲು. ಅದರಲ್ಲಿ ಎಂಜಿನ್ನಿಲ್ಲದೆ ಬಿಸಿ ಇಡಬಹುದು, ಹೊಗೆಯ ಭಯವಿಲ್ಲ. ಆದರೆ ಬಿಸಿಗೂ ಬ್ಯಾಟರಿಯೇ ಖರ್ಚಾಗುವುದರಿಂದ ಚಳಿಗಾಲದಲ್ಲಿ ಒಂದು ಚಾರ್ಜಿಗೆ ಓಡುವ ದೂರ ಕುಗ್ಗುತ್ತದೆ. ಗುಡ್ಡದ ದಾರಿಗೆ ಲೆಕ್ಕ ಹಾಕಿ ಹೊರಡಬೇಕು. ಯಾವ ಗಾಡಿಯಾದರೂ ಸರಿ, ಉತ್ತಮ ಉಪಾಯವೆಂದರೆ ಸರದಿಯ ಮೇಲೆ ಒಬ್ಬರು ನಾಯಿಯ ಬಳಿ ಇರುವುದು. ಇನ್ನೊಂದು ಮಾತು: ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟು ನಾಯಿಗೆ ಸಿಹಿಯಾಗಿರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡವನ್ನೇ ಕೆಡಿಸುವ ವಿಷ. ಗಾಡಿಯ ಕೆಳಗೆ ತೊಟ್ಟಿಕ್ಕಿದ್ದು ಕಂಡರೆ ತೊಳೆದುಬಿಡಿ.

ಕಡೆಯದು, ಎಲ್ಲಿಗೆ ಹೋಗುವುದು. ನಾಯಿಯಿದೆಯೆಂದು ಗಾಡಿ ಕೊಂಡವರು ಮೊದಲು ಸುಲ್ತಾನಪುರದ ಹಕ್ಕಿಗಳನ್ನು ನೋಡಲು ಹೊರಡುತ್ತಾರೆ. ಅದು ರಾಷ್ಟ್ರೀಯ ಉದ್ಯಾನ. ಅಂಥ ಕಾಡುಗಳಿಗೆ ನಾಯಿಯನ್ನು ಬಿಡುವುದಿಲ್ಲ, ಬಿಡಲೂಬಾರದು. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಇಪ್ಪತ್ತಕ್ಕೂ ಹೆಚ್ಚು ಸತ್ತಾಗ ಅವುಗಳಲ್ಲಿ ಹಲವಕ್ಕೆ ತಗುಲಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಾಣು. ನಮ್ಮ ನಾಯಿಗೆ ಲಸಿಕೆ ಹಾಕಿಸುವುದು ಕಾಡಿಗೂ ಮಾಡುವ ಉಪಕಾರ. ಗುರುಗ್ರಾಮದಾಚೆಯ ದಮದಮಾ ಕೆರೆಯ ಸುತ್ತಲೋ ಲ್ಯಾನ್ಸ್‌ಡೌನಿನ ಪೈನ್ ಮರಗಳ ದಾರಿಯಲ್ಲೋ ಬಿಸಿಲು ಬಂದ ಮೇಲೆ ನಡೆದಾಡಬಹುದು. ಅಲ್ಲಿಯೂ ಹಗ್ಗ ಕೈಯಲ್ಲಿರಲಿ. ಅರಾವಳಿಯಲ್ಲೂ ಗಢವಾಲದಲ್ಲೂ ಚಿರತೆಗಳುಂಟು. ಅವಕ್ಕೆ ನಾಯಿಯೆಂದರೆ ಸುಲಭದ ಊಟ. ಬೆಟ್ಟದ ಕುರಿಗಾಹಿಗಳು ತಮ್ಮ ನಾಯಿಯ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದು ಅಲಂಕಾರಕ್ಕಲ್ಲ. ಸಂಜೆ ಕತ್ತಲಾಗುವ ಮುನ್ನ ನಾಯಿ ಒಳಗಿರಬೇಕು.

ಇಷ್ಟನ್ನೆಲ್ಲ ಒಟ್ಟುಮಾಡಿ ಟಿಪ್ಪಣಿ ಮುಗಿಸುವುದಾದರೆ ಹೀಗೆ: ಬಿಎಸ್-6 ದರ್ಜೆಯದು, ನೆಲ ತಗ್ಗು, ಹಿಂದಿನ ಬಾಗಿಲು ಅಗಲ, ಹಿಂಗಾಜಿಗೆ ತಂತಿ ಮತ್ತು ವೈಪರು, ಹಿಂದೆ ಕೆಂಪು ಮಂಜುದೀಪ, ಸವೆಯದ ಟೈರು, ಸಾಮಾನಿಗೆ ಡಿಕ್ಕಿ, ನಾಯಿಗೆ ಹಿಂದಿನ ಸೀಟು. ಇವೆಲ್ಲ ನಮ್ಮಂಥ ಗುಮಾಸ್ತರ ಸಂಬಳಕ್ಕೆ ನಿಲುಕುವ ಗಾಡಿಯಲ್ಲೂ ಸಿಕ್ಕುತ್ತವೆ. ಒಂದೆರಡು ಇಲ್ಲದಿದ್ದರೆ ಆಮೇಲೆ ಹಾಕಿಸಬಹುದು. ಬೆಳಗಿನ ಜಾವ ಐದಕ್ಕೆ ಹೊರಡುವ ನಮ್ಮ ಊರಿನ ಅಭ್ಯಾಸವನ್ನು ಮಾತ್ರ ಈ ಎರಡು ತಿಂಗಳು ಬಿಡಬೇಕು. ರಾಹುಕಾಲ ನೋಡಿ ಹೊರಡುವವರು ಮಂಜುಕಾಲವನ್ನೂ ನೋಡಲಿ. ತಿಂಡಿ ತಿಂದು, ಹತ್ತು ಗಂಟೆಯ ಬಿಸಿಲಿಗೆ ಹೊರಟರೆ ಯಾವ ಹಬ್ಬವೂ ತಪ್ಪಿಹೋಗುವುದಿಲ್ಲ.

ಹೊರಡುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಚಳಿಯ ರಾತ್ರಿಯಲ್ಲಿ ಬೀದಿಯ ನಾಯಿಗಳು ಗಾಡಿಯ ಕೆಳಗೆ ಮುದುಡಿ ಮಲಗುತ್ತವೆ. ಬೆಕ್ಕಿನ ಮರಿಗಳು ಬೆಚ್ಚಗಿನ ಎಂಜಿನ್ನಿನ ಸಂದಿಗೇ ಏರಿ ಕೂರುತ್ತವೆ. ಕೀಲಿ ತಿರುಗಿಸುವ ಮುನ್ನ ಬಾನೆಟ್ಟಿನ ಮೇಲೆ ಎರಡು ಸಲ ಜೋರಾಗಿ ತಟ್ಟಿ, ಬಗ್ಗಿ ಕೆಳಗೆ ನೋಡಿ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಸಂತೋಷದಿಂದ ಮಾಡುತ್ತಾರೆ. ಆಮೇಲೆ ಎಲ್ಲರೂ ಹತ್ತಿ, ಬೆಲ್ಟು ಕಟ್ಟಿ, ನಿಧಾನವಾಗಿ ಹೋಗಿಬನ್ನಿ. ಮುಂದಿನ ಸಂಚಿಕೆಯ ಹೊತ್ತಿಗೆ ದೆಹಲಿಯಲ್ಲಿ ಬಿಸಿಲು ಕಾಯತೊಡಗಿರುತ್ತದೆ. ಆಗ ಇದೇ ನಾಯಿಗೆ ನೆರಳು ಹುಡುಕುವ ಮಾತನ್ನು ಆಡೋಣ.